‘ಮುಟ್ಟು ನಿಂತವರು’ ಎಂದು ಬರೆದ ಮಡಿಕೆ ಕಾಗದಕ್ಕೆ

ಮಾತ್ರೆಯ ಡಬ್ಬಿಯೊಳಗೆ ಇಪ್ಪತ್ತನಾಲ್ಕು ಮಡಿಕೆಗಳಾಗಿ ಬಿಜಯಂಗೈದಿರುವ ಶ್ರೀಮತ್ ಸೂಚನಾಪತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಕ್ಷೇಮವಾಗಿರದೆ ತಮಗೇನಾಗಬೇಕು? ಬಿಸಿಲು ತಾಗದ ಡಬ್ಬಿ, ಪಕ್ಕದಲ್ಲಿ ಬೆಳ್ಳಿಹಾಳೆ ಹೊದ್ದು ಮಲಗಿದ ಮಾತ್ರೆಗಳು, ಯಾರೂ ಬಿಡಿಸಿ ನೋಡುವುದಿಲ್ಲವೆಂಬ ನೆಮ್ಮದಿ, ಇಷ್ಟಿದ್ದರೆ ಯಾರ ಆರೋಗ್ಯವಾದರೂ ಚೆನ್ನಾಗಿಯೇ ಇರುತ್ತದೆ. ಈ ಪತ್ರವನ್ನು ಹತ್ತು ಜನರ ಎದುರು ಬರೆಯುತ್ತಿರುವುದಕ್ಕೆ ಮನ್ನಿಸಬೇಕು. ಗುಟ್ಟಾಗಿ ಬರೆದು ತಮ್ಮ ಡಬ್ಬಿಗೇ ತುರುಕೋಣವೆಂದರೆ ಅಲ್ಲಿ ತಮಗೇ ಜಾಗ ಸಾಲದು.

ಮೊದಲು ನನ್ನ ಪರಿಚಯ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬೀಗದ ಕೈ ಮಾಡುವವರ ಮಗ್ಗುಲಿಗೆ, ಬಟ್ಟೆ ಸರಿಮಾಡಿಕೊಡುವ ಅಂಗಡಿ ಇಟ್ಟುಕೊಂಡವಳು ನಾನು. ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಸಡಿಲಿಸುವುದು, ಹಳೇ ಕೋಟಿಗೆ ಹೊಸ ಲೈನಿಂಗ್ ಹಾಕುವುದು ನನ್ನ ಕಸುಬು. ಎಂಥೆಂಥ ಮಡಿಕೆಗಳನ್ನೋ ಕೈಯಲ್ಲಿ ಆಡಿಸಿದವಳು. ಆದರೆ ತಮ್ಮನ್ನು ಒಮ್ಮೆ ಬಿಡಿಸಿದ ಮೇಲೆ ಮತ್ತೆ ಮೊದಲಿನಂತೆ ಮಡಿಸುವುದು ನನ್ನಿಂದ ಈವರೆಗೆ ಆಗಿಲ್ಲ. ಆ ವಿದ್ಯೆಗೆ ನನ್ನದೊಂದು ದೊಡ್ಡ ನಮಸ್ಕಾರ. ತಮ್ಮ ಅಕ್ಷರಗಳ ಗಾತ್ರಕ್ಕೆ ಇನ್ನೊಂದು ನಮಸ್ಕಾರ. ಹತ್ತನೇ ನಂಬರಿನ ಸೂಜಿಗೆ ಕನ್ನಡಕವಿಲ್ಲದೆ ದಾರ ಪೋಣಿಸುವ ನನ್ನ ಕಣ್ಣುಗಳಿಗೇ ಅವು ಸಾಲುಗಟ್ಟಿ ಹೊರಟ ಇರುವೆಗಳಂತೆ ಕಂಡವು.

ನನ್ನ ನೋವಿಗೆ ಇಪ್ಪತ್ತು ವರ್ಷ ಹೆಸರೇ ಇರಲಿಲ್ಲ, ಮಾನ್ಯರೇ. ತಿಂಗಳಿಗೆ ನಾಲ್ಕು ದಿನ, ಒಮ್ಮೊಮ್ಮೆ ಆರು ದಿನ, ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು. ಅತ್ತೆಯವರು “ನಮಗೇನು ಇರ್ಲಿಲ್ವಾ? ಬಿಸಿನೀರು ಕುಡಿದು ಮಲಕ್ಕೋ” ಎಂದರು. ಒಬ್ಬ ವೈದ್ಯರು ಗ್ಯಾಸ್ ಎಂದರು. ಇನ್ನೊಬ್ಬರು “ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ” ಎಂದು ನಗುತ್ತಾ ಬೀಳ್ಕೊಟ್ಟರು. ಮಗಳು ಹುಟ್ಟಿದಳು, ಅವಳ ಜೊತೆಗೆ ನೋವೂ ಬೆಳೆಯಿತು. ಈಗ ಅವಳಿಗೆ ಹದಿನಾಲ್ಕು.

ಕಳೆದ ವರ್ಷ ಒಬ್ಬ ಡಾಕ್ಟರಮ್ಮ ಸಿಕ್ಕರು. ನನ್ನ ಕಸುಬು ಏನೆಂದು ಕೇಳಿ, ಸ್ಕ್ಯಾನ್ ನೋಡಿ, ತಮ್ಮದೇ ಕೋಟಿನ ಅಂಚು ಮಗುಚಿ ತೋರಿಸಿ ಹೇಳಿದರು: “ಇಲ್ನೋಡಿ, ಈ ಲೈನಿಂಗ್ ಥರದ್ದೇ ಒಂದು ಪದರ ಗರ್ಭಕೋಶದ ಒಳಗಿರುತ್ತೆ. ಅಂಥದ್ದೇ ನಿಮಗೆ ಹೊರಗಡೆನೂ ಅಲ್ಲಲ್ಲಿ ಬೆಳೆದಿದೆ. ಇದಕ್ಕೆ ಎಂಡೊಮೆಟ್ರಿಯೋಸಿಸ್ ಅಂತಾರೆ. ಸುಮ್ನೆ ಹೊಟ್ಟೆನೋವಲ್ಲ ಇದು.” ಒಳಗಿರಬೇಕಾದ ಲೈನಿಂಗ್ ಹೊರಗೆ ಬಂದರೆ ಏನಾಗುತ್ತದೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾನು ಆ ಕುರ್ಚಿಯಲ್ಲೇ ಅತ್ತುಬಿಟ್ಟೆ. ಇಪ್ಪತ್ತು ವರ್ಷದ ಮೇಲೆ ಒಬ್ಬರು ನನ್ನನ್ನು ನಂಬಿದ್ದರು.

ಆಮೇಲೆ ಅವರು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಕಾಲಿನಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ, ಲಿವರಿನ ತೊಂದರೆ ಇದೆಯೇ, ಕಾರಣ ತಿಳಿಯದ ರಕ್ತಸ್ರಾವ ಆಗಿತ್ತೇ, ಫಿಟ್ಸ್‌ಗೋ ಕ್ಷಯಕ್ಕೋ ಬೇರೆ ಮಾತ್ರೆ ನಡೆಯುತ್ತಿದೆಯೇ, ಮನಸ್ಸು ಕುಗ್ಗಿ ಚಿಕಿತ್ಸೆ ಪಡೆದದ್ದುಂಟೇ ಎಂದೆಲ್ಲ ಕೇಳಿ, ಕೊನೆಗೆ ಈ ಹಾರ್ಮೋನ್ ಮಾತ್ರೆ ಬರೆದರು. “ದಿನಾ ಒಂದು, ಒಂದೇ ಹೊತ್ತಿಗೆ. ಮಧ್ಯೆ ಗ್ಯಾಪ್ ಬೇಡ. ಮೊದಮೊದಲು ರಕ್ತ ಹೇಗೆ ಹೇಗೋ ಕಾಣಿಸ್ಕೊಳ್ಳುತ್ತೆ, ಅದಕ್ಕೆ ನಿಲ್ಲಿಸ್ಬೇಡಿ. ಮಿಕ್ಕಿದ್ದು ಡಬ್ಬಿಯ ಕಾಗದದಲ್ಲಿದೆ, ಗೊತ್ತಾಗ್ದಿದ್ರೆ ಫೋನ್ ಮಾಡಿ” ಎಂದರು. ತಮ್ಮ ಹೆಸರನ್ನು ನಾನು ಕೇಳಿದ್ದು ಹೀಗೆ, ಒಬ್ಬ ನಂಬಿಕಸ್ಥರ ಬಾಯಿಂದ.

ಮೊದಲ ಎರಡು ತಿಂಗಳು ರಕ್ತ ಅವರು ಹೇಳಿದಂತೆಯೇ ಹೊತ್ತುಗೊತ್ತಿಲ್ಲದೆ ಬಂತು, ಹೋಯಿತು. ಮೂರನೇ ತಿಂಗಳು ಬರಲೇ ಇಲ್ಲ. ನೋವೂ ಬರಲಿಲ್ಲ! ಅದೇ ತಿಂಗಳು ಒಂದು ಹೋಟೆಲಿನವರು ತಮ್ಮ ಸಿಬ್ಬಂದಿಯ ನಲವತ್ತು ಕೋಟುಗಳಿಗೆ ಲೈನಿಂಗ್ ಬದಲಿಸಲು ಕೊಟ್ಟಿದ್ದರು. ಕ್ಯಾಲೆಂಡರಿನಲ್ಲಿ ನಾನು ಕೆಂಪು ಗೆರೆ ಎಳೆದಿಟ್ಟಿದ್ದ ದಿನಗಳಲ್ಲೇ ಬೆನ್ನು ನೆಟ್ಟಗೆ ಮಾಡಿ ಕೂತು ಹನ್ನೊಂದು ಕೋಟು ಮುಗಿಸಿದೆ. ನನ್ನ ಗಂಡ ಶಾಲಾ ವ್ಯಾನ್ ಓಡಿಸುವವರು. ಮಧ್ಯಾಹ್ನ ಬಾಗಿಲಲ್ಲಿ ನಿಂತು “ಏನೇ, ಹಾಡು ಹೇಳ್ತಿದೀಯಾ?” ಎಂದು ಕೇಳಿದರು. ಹೌದು, ಹೇಳುತ್ತಿದ್ದೆ.

ಇಷ್ಟಾದ ಮೇಲೆ ಸುಮ್ಮನಿರಬೇಕಿತ್ತು. ಆದರೆ ಮುಟ್ಟು ಪೂರ್ತಿ ನಿಂತುಹೋದದ್ದು ಸರಿಯೋ ತಪ್ಪೋ ಎಂಬ ಹುಳ ತಲೆಗೆ ಹೊಕ್ಕಿತು. ಇಷ್ಟು ಸಣ್ಣ ವಿಷಯಕ್ಕೆ ಡಾಕ್ಟರಮ್ಮನಿಗೆ ಯಾಕೆ ತೊಂದರೆ ಕೊಡುವುದು, ತಾವಿದ್ದೀರಲ್ಲ ಎಂದು ತಮ್ಮನ್ನು ಕಟಿಂಗ್ ಟೇಬಲ್ಲಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ದಾರದುಂಡೆ ಇಟ್ಟು, ಮಗಳ ಭೂತಗನ್ನಡಿ ಹಿಡಿದು ಓದಲು ಕೂತೆ. ‘ಜಠರಗರುಳು ಸಂಬಂಧಿ ಅವ್ಯವಸ್ಥೆ’, ‘ಸಹಸೇವಿತ ಕಿಣ್ವಪ್ರೇರಕಗಳು’, ‘ರಜಸ್ರಾವದ ಅಭಾವ’. ಆಹಾ, ಎಂಥ ಗಾಂಭೀರ್ಯ! ಯಾವುದೋ ಸಾಮಾನಿನ ಅಭಾವವಿರಬೇಕೆಂದುಕೊಂಡು ಮುಂದೆ ಹೋದೆ. ಹೀಗೆ ತಡಕಾಡುತ್ತಿದ್ದವಳಿಗೆ ಕೊನೆಗೆ ನಮ್ಮ ಮನೆಯ ಮಾತಿನಲ್ಲೇ ಬರೆದ ಒಂದು ಸಾಲು ಸಿಕ್ಕಿತು:

‘ಮುಟ್ಟು ನಿಂತವರು ಈ ಮಾತ್ರೆಯನ್ನು ಬಳಸತಕ್ಕದ್ದಲ್ಲ.’

ನನ್ನ ಮುಟ್ಟು ನಿಂತಿತ್ತು. ಅಂದಮೇಲೆ ನಾನು ನಿಂತವಳು. ತಾವು ಬಳಸತಕ್ಕದ್ದಲ್ಲ ಎಂದಿದ್ದೀರಿ. ನನ್ನಂಥ ವಿಧೇಯಳು ತಮಗೆ ಇನ್ನೊಬ್ಬಳು ಸಿಗಲಾರಳು. ಆದರೂ ಒಂದು ಮಾತು ಕೇಳಿಬಿಡೋಣವೆಂದು ಔಷಧಿ ಅಂಗಡಿಗೆ ಹೋದೆ. ಅಲ್ಲಿನವರು ಯಾರಿಗೋ ಕೆಮ್ಮಿನ ಸಿರಪ್ ಕಟ್ಟುತ್ತಾ, ನನ್ನತ್ತ ತಿರುಗದೆಯೇ “ಕಾಗದದಲ್ಲಿ ಹಾಗೆ ಬರೆದಿದ್ರೆ ಸರಿಯಾಗೇ ಇರುತ್ತೆ ಬಿಡಿ ಮೇಡಂ” ಎಂದರು. ತಮ್ಮ ಮೇಲೆ ಜನರಿಗಿರುವ ಭಕ್ತಿ ಅಂಥದ್ದು. ಅಂದಿನಿಂದಲೇ ಮಾತ್ರೆ ನಿಲ್ಲಿಸಿದೆ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಹೋಟೆಲಿನ ಇಪ್ಪತ್ತಾರನೇ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಹಳೇ ನೋವು, ಬಾಕಿ ಎಲ್ಲಾ ಸೇರಿಸಿಕೊಂಡು, ಒಂದೇ ಸಲಕ್ಕೆ ಬಂತು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿಡಲೂ ಆಗದೆ ನೆಲಕ್ಕೆ ಕುಸಿದೆ. ಸುಟ್ಟ ವಾಸನೆಗೆ ಬೀಗದ ಕೈಯವರು ಓಡಿಬಂದರು. ಕೋಟಿನ ಬೆನ್ನಿನಲ್ಲಿ ಇಸ್ತ್ರಿಯ ಆಕಾರದ್ದೇ ತೂತು ಬಿದ್ದಿತ್ತು, ಪಕ್ಕದ ಬಟ್ಟೆಯ ರಾಶಿಗೆ ಬೆಂಕಿ ತಾಗಲು ಒಂದು ಗೇಣು ಉಳಿದಿತ್ತು. ನನ್ನ ಗಂಡ ಮಕ್ಕಳನ್ನು ಶಾಲೆಗೆ ಇಳಿಸಿದ ವ್ಯಾನಿನಲ್ಲೇ ನನ್ನನ್ನು ಹಿಂದಿನ ಸೀಟಿಗೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊಡೆದರು.

“ಮಾತ್ರೆ ಯಾರು ನಿಲ್ಲಿಸೋಕೆ ಹೇಳಿದ್ದು?” ಎಂದರು ಡಾಕ್ಟರಮ್ಮ. ನಾನು ತಮ್ಮನ್ನು ತೋರಿಸಿದೆ. ಅವರು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು, ತಲೆ ಮೇಲೆ ಕೈಹೊತ್ತು ಕೂತರು. “ಅಯ್ಯೋ ತಾಯಿ, ಮುಟ್ಟು ನಿಂತವರು ಅಂದ್ರೆ ವಯಸ್ಸಾಗಿ ಪೂರ್ತಿ ನಿಂತವರು ಕಣಮ್ಮ! ನಿಮ್ದು ಈ ಮಾತ್ರೆಯಿಂದ್ಲೇ ನಿಂತಿದ್ದು. ಅದು ಕೆಲಸ ಮಾಡ್ತಿತ್ತು.” ಹಾಗೆಂದು ಸುಮ್ಮನೆ ಮಾತ್ರೆ ಕೈಗಿಡಲಿಲ್ಲ. ಇದು ಗರ್ಭ ತಡೆಯುವ ಮಾತ್ರೆಯಲ್ಲ, ಅದಕ್ಕೆ ಹಾರ್ಮೋನಿಲ್ಲದ ಬೇರೆ ದಾರಿ ಬೇಕು, ಗರ್ಭಿಣಿಯಾಗಿದ್ದರೆ ಇದನ್ನು ನುಂಗುವಂತೆಯೇ ಇಲ್ಲ ಎಂದು ಹೇಳಿ, ಮೊದಲು ಪರೀಕ್ಷೆ ಮಾಡಿಸಿದರು. ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮತ್ತೆ ಶುರುಮಾಡಿಸಿದರು. ಗರ್ಭ ತಡೆಯುವುದಿಲ್ಲವೆಂಬ ಮಾತನ್ನು ತಾವೂ ಹೇಳಿದ್ದೀರಂತೆ, ಹಿಂಬದಿಯಲ್ಲಿ, ಹತ್ತೊಂಬತ್ತನೇ ಮಡಿಕೆಯ ಗೆರೆ ಸರಿಯಾಗಿ ಅದರ ಮೇಲೆಯೇ ಹಾದುಹೋಗಿದೆ.

ನನ್ನ ತಕರಾರು ಇಷ್ಟೇ, ಮಾನ್ಯರೇ. ‘ರಜಸ್ರಾವದ ಅಭಾವ’ ಎಂದರೆ ಮುಟ್ಟು ಬಾರದಿರುವುದು, ಈ ಮಾತ್ರೆ ನುಂಗುವವರಲ್ಲಿ ಅದು ಸಾಮಾನ್ಯ ಎಂದು ತಾವೇ ಎಂಟು ಮಡಿಕೆ ಮೇಲ್ಗಡೆ ಬರೆದಿದ್ದೀರಿ. ನನಗೆ ಧೈರ್ಯ ಹೇಳಬೇಕಾದ ಆ ಸಾಲಿಗೆ ರೇಷ್ಮೆ ಶಾಲು ಹೊದಿಸಿ ಅಟ್ಟದ ಮೇಲೆ ಕೂರಿಸಿದಿರಿ. ‘ಋತುಬಂಧ’ ಎಂಬ ಗಟ್ಟಿ ಶಬ್ದ ಬೇಕಿದ್ದ ಒಂದೇ ಒಂದು ಜಾಗದಲ್ಲಿ ಮಾತ್ರ ನಮ್ಮ ಜಗಲಿಗೆ ಇಳಿದು ಬಂದು, ನಮ್ಮ ಪಕ್ಕ ಕೂತು, ನಮ್ಮದೇ ಮಾತಿನಲ್ಲಿ ದಾರಿ ತಪ್ಪಿಸಿದಿರಿ. ಇಷ್ಟು ಕರಾರುವಾಕ್ಕಾಗಿ ತಪ್ಪುವುದು ಸಾಧಾರಣ ಪಂಡಿತರಿಂದ ಆಗುವ ಕೆಲಸವೇ? ತಮ್ಮನ್ನು ಬರೆದವರನ್ನು ಕರೆಸಿ ಹಾರ ಹಾಕಬೇಕೆಂದಿದ್ದೇನೆ. ಅವರ ಕತ್ತಿನ ಅಳತೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಇನ್ನೂ ಕೆಲವು ಸಣ್ಣಪುಟ್ಟ ಕೋರಿಕೆಗಳಿವೆ. ಮುಂದಿನ ಡಬ್ಬಿಯಿಂದ ತಾವು ದಿನಾ ಒಂದೇ ಹೊತ್ತಿಗೆ ತಾವಾಗಿಯೇ ಮಡಿಕೆ ಬಿಚ್ಚಿಕೊಂಡು ಎದ್ದು ನಿಂತು, ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗು, ಮರೆತದ್ದಕ್ಕೆ ಸೇರಿಸಿ ಎರಡೆರಡು ನುಂಗಬೇಡ, ನುಂಗಿದ ಮೂರು ನಾಲ್ಕು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕಾದೀತು ಎಂದು ಕೂಗಿ ಹೇಳತಕ್ಕದ್ದು. ಯಾರದಾದರೂ ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ, ಎದೆ ನೋವು ಬಂದರೆ, ಉಸಿರು ಸಿಕ್ಕಿಕೊಂಡರೆ, ನನ್ನ ಗಂಡನ ವ್ಯಾನಿಗಿಂತ ಮೊದಲು ತಾವು ಆಸ್ಪತ್ರೆಯ ಬಾಗಿಲಲ್ಲಿರತಕ್ಕದ್ದು. ಯಾರಿಗಾದರೂ ಕಾರಣವಿಲ್ಲದೆ ಬದುಕೇ ಬೇಡವೆನಿಸತೊಡಗಿದರೆ ಅವಳ ಕೈ ಹಿಡಿದು ಅಂದೇ ಡಾಕ್ಟರ ಹತ್ತಿರ ಕರೆದೊಯ್ಯತಕ್ಕದ್ದು. ಔಷಧಿ ಅಂಗಡಿಯವರು ಕತ್ತು ತಿರುಗಿಸದಿದ್ದರೆ ತಾವೇ ಹೋಗಿ ತಿರುಗಿಸತಕ್ಕದ್ದು. ಇವೆಲ್ಲ ಆಗದ ಕೆಲಸವೆಂದರೆ ಅಕ್ಷರಗಳನ್ನು ಅಂಗಿಯ ಗುಂಡಿಯಷ್ಟು ದೊಡ್ಡದು ಮಾಡಿ. ಅದೂ ಆಗದಿದ್ದರೆ ಆ ಒಂದು ಶಬ್ದ ಬದಲಿಸಿ.

ತಾವು ಬದಲಾಗುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಆದ್ದರಿಂದ ಮಾದರಿ ಕತ್ತರಿಸುವ ಕಂದು ಕಾಗದದ ಮೇಲೆ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ದಪ್ಪಕ್ಷರದಲ್ಲಿ ಬರೆದು, ಅವರಿಗೇ ತೋರಿಸಿ ತಿದ್ದಿಸಿಕೊಂಡು, ಅಂಗಡಿಯ ಟ್ರಯಲ್ ರೂಮಿನ ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ‘ಅನುಮಾನ ಬಂದರೆ ಮಾತ್ರೆ ನಿಲ್ಲಿಸುವ ಮೊದಲು ಡಾಕ್ಟರನ್ನು ಕೇಳಿ’ ಎಂಬುದು ಅದರ ಮೊದಲ ಸಾಲು. ಅದಾದ ಮೇಲೆ ಹೆಂಗಸರು ಪ್ಯಾಂಟು ಹಾಕಿ ನೋಡಲು ಒಳಗೆ ಹೋದರೆ ಬೇಗ ಹೊರಗೆ ಬರುವುದಿಲ್ಲ. ಮೊನ್ನೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಹೊರಬಂದು, ಅಳತೆಯ ವಿಷಯ ಬಿಟ್ಟು, “ಅಕ್ಕಾ, ನಂಗೂ ನಿಂತಿತ್ತು, ಅದಕ್ಕೇ ಮಾತ್ರೆ ಬಿಟ್ಬಿಟ್ಟೆ. ನಿಮ್ಮ ಡಾಕ್ಟರ್ ನಂಬರ್ ಕೊಡ್ತೀರಾ?” ಎಂದಳು. ಆಕೆ ಓದಿದ್ದೂ ತಮ್ಮನ್ನೇ.

ಮೂರು ವಾರ ತಮ್ಮ ಮಾತು ಕೇಳಿ, ಇನ್ನೆಂದೂ ಒಬ್ಬರ ಮಾತನ್ನೇ ಕೇಳಿ ಸುಮ್ಮನಾಗದ,
ತಮ್ಮ ವಿಶ್ವಾಸಿ,
ಬಟ್ಟೆ ಸರಿಮಾಡುವವಳು

ತಾ.ಕ.: ಕಳೆದ ಸೋಮವಾರ ನನ್ನ ಮಗಳು ಶಾಲೆಯಿಂದ ಹೊಟ್ಟೆ ಹಿಡಿದುಕೊಂಡು ಬಂದಳು. “ಎಲ್ಲರಿಗೂ ಇದ್ದದ್ದೇ” ಎಂದರಂತೆ ಅಲ್ಲಿನ ಟೀಚರ್. ನಾನು ಅಂಗಡಿ ಮುಚ್ಚಿ, ಅದೇ ಗಂಟೆಯಲ್ಲಿ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಏನೆಂದು ಇನ್ನೂ ತಿಳಿದಿಲ್ಲ, ಏನೂ ಇಲ್ಲದಿರಲೂಬಹುದು. ಆದರೆ ಒಂದು ವೇಳೆ ಮುಂದೊಂದು ದಿನ ಅವಳ ಕೈಗೂ ಈ ಡಬ್ಬಿ ಬಂದರೆ, ಒಳಗೆ ತಾವೇ ಇರುತ್ತೀರಿ. ಇಪ್ಪತ್ತು ವರ್ಷ ಸಹಿಸಿದ ಅಭ್ಯಾಸದಿಂದ ನನಗೆ ಮಾನ್ಯರೇ ಎನ್ನುವಷ್ಟು ಮರ್ಯಾದೆ ಉಳಿದಿದೆ. ಅವಳಿಗೆ ಆ ಅಭ್ಯಾಸ ಆಗಲು ನಾನು ಬಿಡುವುದಿಲ್ಲ.