ಮೊಟ್ಟೆ ಇಡಲೊಲ್ಲದ ಜೋಡಿಗೆ

ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ, ಟಿವಿಯ ಮಗ್ಗುಲ ಗಾಜಿನ ತೊಟ್ಟಿಯಲ್ಲಿ ಬಿಜಯಂಗೈದಿರುವ ಕಪ್ಪು ಪಟ್ಟೆಯ ಸಿಕ್ಲಿಡ್ ಮೀನು ಮಾನ್ಯರಿಬ್ಬರಿಗೂ,

ನಿಡೋಣಿಯ ಸಂಗನಬಸವ ಮಾಡುವ ಶರಣು. ತಮ್ಮ ಆರೋಗ್ಯ ಕೇಳುವ ಅಗತ್ಯವಿಲ್ಲ. ಒಬ್ಬರನ್ನೊಬ್ಬರು ಬೆನ್ನಟ್ಟಿ ಬಾಲ ಹರಿಯುವಷ್ಟು ಗಟ್ಟಿಮುಟ್ಟಾಗಿದ್ದೀರಿ ಎಂಬುದನ್ನು ದಿನಾ ಕಾಣುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಬರಹದಲ್ಲಿ ತಪ್ಪಿದ್ದರೆ ಮನ್ನಿಸಬೇಕು. ಮನ್ನಿಸದಿದ್ದರೂ ಕಾಳು ಹಾಕುವವನು ನಾನೇ.

ಐವತ್ತು ವರ್ಷ ಎತ್ತಿಗೆ ಜೋಡಿ ಹಚ್ಚಿದ್ದೇನೆ. ಬಬಲೇಶ್ವರದಿಂದ ತಿಕೋಟಾದವರೆಗೆ ಯಾರ ಒಂಟಿ ಎತ್ತಿಗೆ ಜೊತೆ ಬೇಕಾದರೂ ನನ್ನನ್ನೇ ಕರೆಯುತ್ತಾರೆ. ಹೀಗಿರುವಾಗ ಮೊಮ್ಮಗಳು ಪೂರ್ವಾ ಮರಿ ಮಾಡುವ ಮೀನಿನ ಜೋಡಿ ಬೇಕೆಂದು ಹಟ ಹಿಡಿದಳು. ಮೀನಿನಂಗಡಿಯ ಅತೀಕ ತಾನೇ ಆರಿಸಿ ಕೊಡುತ್ತೇನೆಂದು ಮುಂದೆ ಬಂದರೂ, ಜೋಡಿ ನೋಡುವುದನ್ನು ನನಗೆ ಕಲಿಸಬೇಡವೆಂದು ಗದರಿಸಿ ಅವನನ್ನು ಪಕ್ಕಕ್ಕೆ ನಿಲ್ಲಿಸಿ, ಮೂವತ್ತು ಮೀನಿನಲ್ಲಿ ಒಂದೇ ಉದ್ದ, ಒಂದೇ ಬಣ್ಣ, ಒಂದೇ ನಡಿಗೆ, ಹಣೆಯ ಮೇಲೆ ಒಂದೇ ಅಳತೆಯ ಡುಬ್ಬ ಇರುವ ತಮ್ಮಿಬ್ಬರನ್ನು ಹುಡುಕಿ ತೆಗೆದೆ. ಪಕ್ಕದಲ್ಲೇ ಗಿಡ್ಡದೊಂದು ಈಜುತ್ತಿತ್ತು. ಡುಬ್ಬವಿಲ್ಲ, ಹೊಟ್ಟೆ ಕಿತ್ತಳೆ ಬಣ್ಣ. ಅದಕ್ಕೆ ಬೇನೆ ಇದೆ, ಯಾರಿಗೂ ಮಾರಬೇಡ ಎಂದು ಅತೀಕನಿಗೇ ಬುದ್ಧಿ ಹೇಳಿದೆ. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ.

ತಾವು ಬಂದು ಎರಡು ತಿಂಗಳಾಯಿತು. ತಮ್ಮ ಬಾಣಂತನಕ್ಕೆಂದು ಮಣ್ಣಿನ ಕುಂಡವೊಂದನ್ನು ಮಗ್ಗುಲಾಗಿ ಇಟ್ಟಿದ್ದೇನೆ. ಪೂರ್ವಾ ನನ್ನ ಹೆಸರು ಹೇಳಿ ಸಾಲಿಯಲ್ಲಿ ಹನ್ನೊಂದು ಮಕ್ಕಳಿಗೆ ಮರಿ ಕೊಡುವ ಮಾತು ಕೊಟ್ಟಿದ್ದಾಳೆ. ತಾವು ಮಾತ್ರ ಆ ಕುಂಡವನ್ನು ಕುಸ್ತಿಯ ಕಣ ಮಾಡಿಕೊಂಡಿದ್ದೀರಿ. ಇದು ಹೊಸ ಮದುವೆಯ ಸಲುಗೆ ಎಂದು ಮನೆಯವರಿಗೆ ಒಂದು ತಿಂಗಳು ಹೇಳಿದೆ. ಕೊನೆಗೆ ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಹುಲಿಗೆವ್ವ ಮೊರ ಕೆಳಗಿಟ್ಟು, ತೊಟ್ಟಿಯ ಮುಂದೆ ಬಂದು ನಿಂತು ನೋಡಿ, “ಎರಡೂ ಗಂಡ ಅದಾವಲ್ರಿ. ಎತ್ತಿನಂಗ ಹೊಲದಾಗ ಗಳೇ ಹೂಡಾಕ ತಂದೀರೇನು?” ಎಂದಳು.

ಆ ಮಾತು ನಮ್ಮ ಓಣಿ ದಾಟಿ ಘೋಣಸಗಿ ಮುಟ್ಟಿದೆ. ಬರುವ ರವಿವಾರ ತನ್ನ ಎತ್ತಿಗೆ ಜೋಡಿ ನೋಡಲು ನನ್ನನ್ನು ಕರೆದೊಯ್ಯಬೇಕಿದ್ದ ಅಲ್ಲಿಯ ಭಾಗಪ್ಪ ಫೋನ್ ಮಾಡಿ, “ಕಾಕಾ, ಈ ಸಲ ಅತೀಕನ್ನ ಕರಕೊಂಡ ಹೋಗ್ಲೇನು?” ಎಂದು ಕೇಳಿದ. ನಾನು ಫೋನ್ ಇಟ್ಟೆ. ಆಮೇಲೆ ಅವನ ಸುದ್ದಿಯಿಲ್ಲ. ಐವತ್ತು ವರ್ಷದ ಹೆಸರು ಈಗ ಎರಡು ಮೀನಿನ ಬಾಲಕ್ಕೆ ಜೋತು ಬಿದ್ದಿದೆ, ಆ ಬಾಲವೂ ಅರ್ಧ ಹರಿದಿದೆ.

ಆದ್ದರಿಂದ ಕೈಮುಗಿದು ಕೇಳುವುದೇನೆಂದರೆ, ರವಿವಾರದೊಳಗೆ ತಮ್ಮಲ್ಲಿ ಒಬ್ಬರು ದಯವಿಟ್ಟು ಹೆಣ್ಣಾಗಬೇಕು. ಯಾರೆಂಬುದನ್ನು ತಾವೇ ಕೂತು ತೀರ್ಮಾನಿಸಿ. ನಾನು ಪಕ್ಷಪಾತಿಯಲ್ಲ, ನನಗೆ ಇಬ್ಬರ ಮೇಲೂ ಸಮನಾದ ಸಿಟ್ಟಿದೆ. ಅಷ್ಟು ಆಗದಿದ್ದರೆ ಒಬ್ಬರು ಹಣೆಯ ಡುಬ್ಬ ಇಳಿಸಿ, ಹೊಟ್ಟೆಗೆ ಸ್ವಲ್ಪ ಬಣ್ಣ ತಂದುಕೊಂಡು, ನಾನು ಭಾಗಪ್ಪನನ್ನು ಕರೆಸಿದಾಗ ಒಂದು ತಾಸು ಕುಂಡದೊಳಗೆ ಸಂಸಾರಸ್ಥರ ಹಾಗೆ ಕೂತುಬಿಡಿ. ಜಗಳ ಬೇಕಾದರೆ ಮಾಡಿ, ಸಂಸಾರಸ್ಥರೂ ಮಾಡುತ್ತಾರೆ. ಬಾಲ ಕಚ್ಚಬೇಡಿ.

ತಾವು ನನ್ನ ಮಾತು ಉಳಿಸದಿದ್ದರೂ,
ತಮ್ಮ ವಿಶ್ವಾಸಿ,
ಸಂಗನಬಸವ

ತಾ.ಕ.: ಕಿತ್ತಳೆ ಹೊಟ್ಟೆಯವಳನ್ನು ನಿನ್ನೆ ತಂದು ಬಿಟ್ಟೆ. ನೀವೇ ಮಾರಬೇಡ ಅಂದಿದ್ದಿರಲ್ಲ ಎಂದು ಅತೀಕ ಅವಳನ್ನು ಬೇರೆ ತೊಟ್ಟಿಯಲ್ಲಿ ಇಟ್ಟು ನನ್ನ ದಾರಿ ಕಾಯುತ್ತಿದ್ದ. ತಮ್ಮಿಬ್ಬರಲ್ಲಿ ಯಾರು ಬೇಕೆಂದು ಅವಳೇ ಆರಿಸಲಿ, ನಾನು ಬಾಯಿ ಹಾಕುವುದಿಲ್ಲ. ಸದ್ಯಕ್ಕೆ ಇಬ್ಬರನ್ನೂ ಕುಂಡದಿಂದ ಹೊರಗಟ್ಟಿದ್ದಾಳೆ. ಅವಳಿಗೆ ಹೆದರಿ ತಾವು ಮೂಲೆಯಲ್ಲಿ ಮೈಗೆ ಮೈ ಹಚ್ಚಿ, ತಲೆ ಒಂದೇ ಮಟ್ಟಕ್ಕೆ ಹಿಡಿದು ನಿಂತಿದ್ದೀರಲ್ಲ, ಅದರ ಫೋಟೋ ಪೂರ್ವಾಳಿಂದ ತೆಗೆಸಿ ಭಾಗಪ್ಪನಿಗೆ ಕಳಿಸಿದೆ, ಎತ್ತಿನ ಜೋಡಿ ಅಂದರೆ ಹೀಗಿರಬೇಕೆಂದು. ರವಿವಾರ ಬೆಳಿಗ್ಗೆ ಆರಕ್ಕೆ ಗಾಡಿ ತರುತ್ತಾನಂತೆ.