ಬಸಣ್ಣ ಕಟ್ಟಿಕೊಟ್ಟ ವೈಫೈ

ಕೆಲಸವನ್ನು ನಾಳೆಗೆ ತಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಹೈದರಾಬಾದಿನಲ್ಲಿ ಯಾರಾದರೂ ಇದ್ದರೆ ಅವರಿಗೊಂದು ದೊಡ್ಡ ನಮಸ್ಕಾರ. ಅನ್ನ ಅರ್ಧ ಬೆಂದು ಗ್ಯಾಸ್ ಆರಿಹೋದ ಮೇಲೆಯೇ ನಾನು ಸಿಲಿಂಡರ್ ಬುಕ್ ಮಾಡುವುದು. ಹಲ್ಲುನೋವೊಂದನ್ನು ಎರಡು ವರ್ಷ ಸಾಕಿದ್ದೆ. ಕೊನೆಗೆ ಹಲ್ಲಿಗೇ ಬೇಸರವಾಗಿ ಅರ್ಧ ಮುರಿದು ಬಿತ್ತು. ನನ್ನ ಗಂಡ ಇದನ್ನೆಲ್ಲ ಬಂದ ನೆಂಟರಿಗೆ ಹೇಳಿ ನಗಿಸುತ್ತಾರೆ, ನಾನೂ ನಗುತ್ತೇನೆ. ಆದರೆ ಬಸಣ್ಣನ ವಿಷಯದಲ್ಲಿ ಮಾಡಿದ್ದನ್ನು ಅವರಿಗೂ ಹೇಳಿಲ್ಲ. ನಿಮಗೆ ಹೇಳಿಬಿಡುತ್ತೇನೆ.

ಬಸಣ್ಣ ಅಂದರೆ ಕೊಂಡಾಪುರದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವರು. ಸಿಂಧನೂರು ಕಡೆಯವರು, ಮನೆ ಸನತ್‌ನಗರದಲ್ಲಿ. ತೆಲುಗು, ಹಿಂದಿ ತುಂಬಿದ ಆ ಮಹಡಿಯಲ್ಲಿ ಕನ್ನಡದವರು ನಾವಿಬ್ಬರೇ. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ‘ಅಕ್ಕಾರ’ ಅನ್ನೋರು. ಅವರ ಡಬ್ಬಿಯಲ್ಲಿ ನನ್ನ ಪಾಲಿನ ಒಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಖಾಯಂ. ನಾವು ಮಾಡುವುದು ವೈಫೈ ಡ್ರೈವರ್, ಅಂದರೆ ಕಂಪ್ಯೂಟರಿಗೂ ಅದರೊಳಗಿನ ವೈಫೈ ಚಿಪ್ಪಿಗೂ ಮಾತು ಕೂಡಿಸುವ ಪ್ರೋಗ್ರಾಮು. ಬರೆದ ಸಾವಿರಾರು ಸಾಲುಗಳನ್ನು ಕೊನೆಗೆ ಯಂತ್ರಕ್ಕೆ ತಿಳಿಯುವಂಥ ಫೈಲಾಗಿ ಕಟ್ಟಬೇಕು. ಅದಕ್ಕೇ ಬಿಲ್ಡ್ ಅನ್ನುವುದು. ಅದು ಬಸಣ್ಣನ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಆಗುತ್ತಿರಲಿಲ್ಲ. ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ ಇದ್ದ ಹಾಗೆ ಎಲ್ಲರೂ ಅವರ ಮುಂದೆ ಪಾಳಿ ಹಚ್ಚುತ್ತಿದ್ದೆವು.

‘ಅಕ್ಕಾರ, ಒಂದು ತಾಸು ಕೂಡ್ರಿ, ಎಲ್ಲಾ ತೋರಿಸಿಬಿಡ್ತೀನಿ. ನಾ ಒಬ್ಬಾಂವ ತಿಳಕೊಂಡ್ರ ಹ್ಯಾಂಗ?’ ಎಂದು ವಾರಕ್ಕೊಮ್ಮೆಯಾದರೂ ಕರೆಯೋರು. ‘ನಾಳೆ ಕೂಡೋಣ್ರಿ ಬಸಣ್ಣ’ ಅನ್ನುತ್ತಿದ್ದೆ. ‘ನಿಮ್ಮ ನಾಳೆ ಯಾವ ಕ್ಯಾಲೆಂಡರಿನ್ಯಾಗ ಐತ್ರಿ?’ ಎಂದು ನಕ್ಕು ರೊಟ್ಟಿ ನನ್ನ ಕಡೆ ಸರಿಸೋರು.

ಒಂದು ಭಾನುವಾರ ಬೆಳಿಗ್ಗೆ ಕಾಯಿಪಲ್ಯೆ ತರಲು ಹೋದ ಬಸಣ್ಣ ರೈತು ಬಜಾರಿನಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಹದಿನೈದು ದಿನದ ಮೇಲೆ ಅವರ ಹೆಂಡತಿ ಆಫೀಸಿಗೆ ಬಂದು ಡಬ್ಬಿ, ಕನ್ನಡಕ, ಮೇಜಿನ ಕೆಳಗೆ ಬಿಟ್ಟಿದ್ದ ಚಪ್ಪಲಿ ಎಲ್ಲ ಚೀಲಕ್ಕೆ ಹಾಕಿಕೊಂಡರು. ಕಂಪ್ಯೂಟರೊಂದೇ ಉಳಿದ ಮೇಜನ್ನು ಸವರುತ್ತ, ‘ಅವರದು ಇನ್ನೇನರ ಉಳದೈತೇನ್ರಿ ಅಕ್ಕಾರ?’ ಎಂದು ಕೇಳಿದರು. ‘ಏನೂ ಇಲ್ರಿ’ ಅಂದೆ.

ಮುಂದಿನ ಸೋಮವಾರ ಮ್ಯಾನೇಜರ್ ಬಂದು, ‘ಶುಕ್ರವಾರಂ ಆ ಸಿಸ್ಟಮ್ ಇಚ್ಚೇಯಾಲಮ್ಮಾ’ ಅಂದರು. ಬಸಣ್ಣನ ಕಂಪ್ಯೂಟರನ್ನು ಪೂರ್ತಿ ಅಳಿಸಿ ವಾಪಸು ಕೊಡಬೇಕು. ಅಷ್ಟರಲ್ಲಿ ಹೊಸ ಯಂತ್ರದಲ್ಲಿ ಬಿಲ್ಡ್ ಆಗುವಂತೆ ನಾನು ಮಾಡಬೇಕು. ಕೋಡೆಲ್ಲ ನಕಲು ಮಾಡಿ ಶುರುಮಾಡಿದೆ. ‘ಬಸವರಾಜ ಎಂಬ ಫೋಲ್ಡರ್ ಸಿಗುತ್ತಿಲ್ಲ’ ಎಂದು ಯಂತ್ರ ನಿಂತುಬಿಟ್ಟಿತು. ಪುಣ್ಯಾತ್ಮ ಕಂಡಕಂಡಲ್ಲಿ ತಮ್ಮ ಹೆಸರಿನ ಫೋಲ್ಡರಿನ ದಾರಿಯನ್ನೇ ಬರೆದು ಇಟ್ಟಿದ್ದರು. ಒಂದು ಕಡೆ ತಿದ್ದಿದರೆ ಎರಡು ಕಡೆ ಕೆಡುತ್ತಿತ್ತು. ನಡುನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಟಿಪ್ಪಣಿಗಳು ಬೇರೆ: ‘ಇಲ್ಲಿ ಕೈ ಹಚ್ಚಬ್ಯಾಡ್ರಿ’, ‘ಇದು ಯಾಕ ನಡೀತೈತಿ ನನಗೂ ಗೊತ್ತಿಲ್ಲ’. ನನಗೆ ಅಳುವಿನ ನಡುವೆಯೂ ನಗು ಬಂತು. ಆಮೇಲೆ ಇನ್ನೊಂದು ಸಿಕ್ಕಿತು: ‘ಇದನ್ನ ಅಕ್ಕಾರು ಕೂತಾಗ ಹೇಳಬೇಕು.’ ಆ ಮಹಡಿಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಬಿಕ್ಕಿ ಬಿಕ್ಕಿ ಅತ್ತೆ. ಬಿಲ್ಡ್ ಆಗದೆ ಅಳುವುದು ನಮ್ಮಲ್ಲಿ ಹೊಸದಲ್ಲವಲ್ಲ, ಯಾರೂ ಯಾಕೆ ಅಂತ ಕೇಳಲಿಲ್ಲ.

ಗುರುವಾರ ಸೋತು ಕೈಚೆಲ್ಲಿ, ಹೊಸ ಯಂತ್ರದಲ್ಲಿ ಬಸವರಾಜ ಎಂಬ ಹೆಸರಿನಲ್ಲೇ ಒಂದು ಖಾತೆ ತೆರೆದೆ. ಅವರ ಫೋಲ್ಡರನ್ನು ಇದ್ದ ಹಾಗೇ ತಂದಿಟ್ಟು, ಅವರ ಹೆಸರಿನಿಂದಲೇ ಒಳಗೆ ಹೋಗಿ ಬಿಲ್ಡ್ ಹಚ್ಚಿದೆ. ಒಂದು ತಕರಾರಿಲ್ಲದೆ ಮುಗಿಯಿತು! ಪರೀಕ್ಷೆಯ ಲ್ಯಾಪ್‌ಟಾಪಿಗೆ ಹಾಕಿದಾಗ ವೈಫೈ ಹತ್ತಿತು, ಜೊತೆಗೆ ಬಿಲ್ಡ್ ಯಾರ ಖಾತೆಯಿಂದ ಆಯಿತೆಂದು ಹೇಳುವ ಸಾಲೊಂದು ಪರದೆಯ ಮೇಲೆ ಮೂಡಿತು: ಕಟ್ಟಿದವರು ಬಸವರಾಜ. ಪಕ್ಕದಲ್ಲಿ ಅವತ್ತಿನ ತಾರೀಕು.

ಮ್ಯಾನೇಜರ್ ಅದನ್ನು ಬಗ್ಗಿ ನೋಡಿ, ‘ಪೇರು ಮಾರ್ಚೇಯಂಡಿ’ ಅಂದರು. ಹೆಸರು ಬದಲಿಸಬೇಕಂತೆ. ನಾಳೆ ಬದಲಿಸುತ್ತೇನೆ ಅಂದೆ.

ಅದಾಗಿ ಎಂಟು ತಿಂಗಳಾಯಿತು. ಅವರು ವಾರಕ್ಕೊಮ್ಮೆ ಕೇಳುತ್ತಾರೆ, ನಾನು ಅದೇ ಉತ್ತರ ಕೊಡುತ್ತೇನೆ. ಬದುಕಿದ್ದಾಗ ಬಸಣ್ಣನಿಗೆ ಒಂದು ತಾಸು ಕೊಡದ ನನ್ನ ಸೋಮಾರಿತನ ಈಗ ಅವರ ಹೆಸರನ್ನು ಕಾಯುತ್ತಿದೆ ಎಂದು ಒಳಗೊಳಗೇ ಬೀಗುವುದೂ ಉಂಟು. ಆದರೆ ಸನತ್‌ನಗರದ ಆ ಮನೆಗೆ ಒಂದು ಫೋನ್ ಮಾಡಿ, ‘ಅವತ್ತು ಏನೂ ಇಲ್ಲ ಅಂದಿದ್ದೆನಲ್ರಿ, ತಪ್ಪಾತು, ಅವರದೊಂದು ಇಲ್ಲಿ ಉಳದೈತಿ, ಒಮ್ಮೆ ಬಂದು ನೋಡಿಹೋಗ್ರಿ’ ಎಂದು ಅವರ ಹೆಂಡತಿಗೆ ಹೇಳಬೇಕಲ್ಲ? ನಂಬರ್ ಹುಡುಕಿ ಇಟ್ಟುಕೊಂಡಿದ್ದೇನೆ. ಅದನ್ನೂ ಎಂಟು ತಿಂಗಳಿಂದ ನಾಳೆ ಮಾಡುತ್ತಿದ್ದೇನೆ.