ಮಹಾಪೆಯ ಕಣ್ಣಿನ ಶಿಬಿರ

ನೊಣ ಓಡಿಸಲು ಕೈ ಎತ್ತಿದ್ದೇ ಲೀಲಾಧರನ ತಪ್ಪು. ಮಹಾಪೆಯ ಶರ್ಟು ಕಾರ್ಖಾನೆಯ ಮೀಟಿಂಗಿನಲ್ಲಿ ಮ್ಯಾನೇಜರ್ ಭುಜಂಗರು, "ಹೊಲಿಯುವ ಹೆಂಗಸರಿಗೆ ಕಂಪೆನಿಯಿಂದ ಕಣ್ಣಿನ ಶಿಬಿರ, ಕನ್ನಡಕ ಫ್ರೀ. ಉಸ್ತುವಾರಿ ಯಾರು ಮಾಡ್ತೀರಿ?" ಎಂದು ಕೇಳಿದ ಗಳಿಗೆ ಅದು. ಉಳಿದವರೆಲ್ಲ ಫ್ಯಾನು ನೋಡುತ್ತಿದ್ದರು.

ಹೀಗೆ 1997ರ ಒಂದು ಶನಿವಾರ ಲೀಲಾಧರ ನೆರೂಳಿನ ಮನೆಯಿಂದ ಮೊದಲ ಬಸ್ಸಿಗೇ ಬಂದು ಬ್ಯಾನರ್ ಕಟ್ಟಿಸಿದ, ಡಾಕ್ಟರರಿಗೆ ಚಾ ತರಿಸಿದ. ಡಾಕ್ಟರರು ಎರಡನೇ ಚಾ ಮುಗಿಸಿದರೂ ಒಬ್ಬಳೂ ಬರಲಿಲ್ಲ. ಅರುವತ್ತು ಹೆಂಗಸರು ಲಕೋಟೆಗೆ ಅಂಟಿಸಿದ ಸ್ಟಾಂಪಿನಂತೆ ಗೋಡೆಗೆ ಅಂಟಿ ನಿಂತಿದ್ದರು.

"ಇವರಿಗೆಲ್ಲ ಎಂತ ಆಯ್ತು ಮಾರಾಯ?" ಎಂದು ಲೋಡಿಂಗಿನ ಹುಲಗಪ್ಪನನ್ನು ಕೇಳಿದ.

"ಕಣ್ಣು ಮಂದ ಇದ್ದೋರನ್ನ ಕೆಲಸದಿಂದ ತೆಗೀತಾರಂತಲ್ರೀ ಸಾಹೇಬ್ರ. ಹುಷಾರಿರ್ರಿ ಅಂತ ನಾನ ಎಲ್ಲಾರಿಗೂ ಹೇಳೀನಿ," ಎಂದ ಹುಲಗಪ್ಪ, ದೊಡ್ಡ ಉಪಕಾರ ಮಾಡಿದವನ ಹಾಗೆ.

ಲೀಲಾಧರ ಹಣೆ ಚಚ್ಚಿಕೊಂಡ. ರಾಯಚೂರಿನ ಮರಗಮ್ಮ ಅಲ್ಲಿನ ಹೆಂಗಸರಿಗೆಲ್ಲ ಹಿರಿಯಕ್ಕ. ಅವಳ ಮುಂದೆ ಹೋಗಿ ಅಂಗಲಾಚಿದ.

"ಕೆಲಸ ಹೋಗೂದಿಲ್ಲಂದ್ರ ಮೊದಲ ನೀವು ಕೂಡ್ರಿ," ಎಂದಳು ಅವಳು.

ಲೀಲಾಧರ ಎದೆಯುಬ್ಬಿಸಿ ಕುರ್ಚಿಯಲ್ಲಿ ಕುಳಿತ. ಅವನೇ ಅಲ್ಲಿಯ ಚೆಕ್ಕಿಂಗ್ ಮಾಸ್ತರ. ಗುಂಡಿ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಬಿಚ್ಚಿ ಹೊಲಿಯಿರೆಂದು ಶರ್ಟು ಎಸೆಯುತ್ತಿದ್ದವನು. ಅಕ್ಷರದ ಬೋರ್ಡನ್ನು ಅವನು ಓದಿದ್ದನ್ನು ಕೇಳಿ ಡಾಕ್ಟರರು ಬೋರ್ಡನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

"ನಿಮಗೆ ನೆಟ್ಟಗಿನ ಗೆರೆಯೂ ವಾಲಿದ ಹಾಗೆ ಕಾಣ್ತದೆ. ಬಹಳ ವರ್ಷದಿಂದ ಇದೆ ಇದು."

ಡಾಕ್ಟರರು ಪರೀಕ್ಷೆಗೆಂದು ಮೂಗಿಗೇರಿಸಿದ ಗಾಜಿನಲ್ಲೇ ಲೀಲಾಧರ ತಾನು ತಿರಸ್ಕರಿಸಿದ ಶರ್ಟುಗಳ ರಾಶಿಗೆ ಓಡಿದ. ಒಂದೊಂದು ಗುಂಡಿಯೂ ಕವಾಯತಿನ ಪೊಲೀಸರಂತೆ ಸಾಲಾಗಿ ನಿಂತಿತ್ತು.

ಅವನ ಕೆಲಸ ಹೋಗದ್ದನ್ನು ಕಂಡು ಹೆಂಗಸರು ಸಾಲುಗಟ್ಟಿದರು. ಮಧ್ಯಾಹ್ನದೊಳಗೆ ಮರಗಮ್ಮ ಕನ್ನಡಕ ಹಾಕಿ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. "ಯವ್ವಾ, ಎಷ್ಟು ವರ್ಷ ಆತು," ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಲೀಲಾಧರನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಗುಂಡಿ ನೆಟ್ಟಗ ಅದಾವಂತ ನಮಗ ಗೊತ್ತಿತ್ರೀ. ಕೈಯಾಗ ಮುಟ್ಟಿದ್ರ ತಿಳೀತದ. ನಾಕು ದಿನ ಬಿಟ್ಟು, ಬಿಚ್ಚಲಾರ್ದ, ಅದ ಶರ್ಟ್ ನಿಮ್ಮ ಮುಂದ ಇಡ್ತಿದ್ವಿ, ನೀವು ಪಾಸ್ ಮಾಡ್ತಿದ್ರಿ."

"ಮತ್ತೆ ಮ್ಯಾನೇಜರರಿಗೆ ಯಾಕೆ ಹೇಳ್ಲಿಲ್ಲ?"

"ನಿಮ್ಮ ಕಣ್ಣು ಮಂದಂತ ಗೊತ್ತಾದ್ರ ನಿಮ್ಮನ್ನ ತೆಗೀತಿದ್ರಲ್ರೀ. ನಿಮಗೂ ಹೆಂಡ್ತಿ ಮಕ್ಕಳು ಅದಾರ."

ಲೀಲಾಧರ ಅರುವತ್ತು ಹೆಂಗಸರ ಮುಂದೆ ಕೈ ಜೋಡಿಸಿದ.

ಅಷ್ಟರಲ್ಲಿ ಭುಜಂಗರು ಬಂದರು. ಆ ತಿರಸ್ಕೃತ ಶರ್ಟುಗಳಿಂದಾಗಿ ತಿಂಗಳಿಂದ ತಡವಾಗಿದ್ದ ಮಾಲು ಇವತ್ತೇ ಲಾರಿ ಹತ್ತುತ್ತದೆಂದು ತಿಳಿದು ಹಿಗ್ಗಿ ಹೀರೇಕಾಯಿಯಾದರು. "ಶಿಬಿರ ಮಾಡಿದ್ದು ಅವರಿಗೆ, ಉದ್ಧಾರವಾದದ್ದು ನಾವು. ಇನ್ನು ಚೆಕ್ಕಿಂಗ್ ಮೇಜು ಮರಗಮ್ಮನಿಗೆ. ಲೀಲಾಧರ, ನಿಮಗೆ ಈ ಸೇವೆಯ ಕೆಲಸವೇ ಸರಿ. ಬರುವ ಶನಿವಾರ ಹಲ್ಲಿನ ಶಿಬಿರ."

ಲೀಲಾಧರನ ಕೈ ತಾನಾಗಿಯೇ ದವಡೆಗೆ ಹೋಯಿತು. ಅಲ್ಲಿ ಎರಡು ಹಲ್ಲು ಮಳೆಗಾಲದಿಂದ ಅಲ್ಲಾಡುತ್ತಿದ್ದವು.